ಒಂದು ಹಲ್ಲು, ನಾಲ್ಕು ಡಿಗ್ರಿ

ಆಷಾಢದಲ್ಲಿ ನರಗುಂದದಿಂದ ಹುಬ್ಬಳ್ಳಿಗೆ ಗಾಡಿ ಓಡಿಸಿದವರಿಗೆ ಆ ಗಾಳಿಯ ಪರಿಚಯ ಇದ್ದೇ ಇರುತ್ತದೆ. ಪಡುವಣದಿಂದ ನುಗ್ಗಿ ಬರುವುದನ್ನು ತಡೆಯಲು ಎರೆಹೊಲಗಳಲ್ಲಿ ಗುಡ್ಡವಿಲ್ಲ, ದೊಡ್ಡ ಗಿಡಗಳೂ ವಿರಳ. ಹೋದ ವರ್ಷ ಅಂಥದೊಂದು ಭಾನುವಾರ ಸಂಜೆ ನವಲಗುಂದ ದಾಟಿದ ಮೇಲೆ ನಮ್ಮ ಝೆನ್ ನಾಲ್ಕನೆಯ ಗೇರಿನಲ್ಲಿ 60 ಕಿಲೋಮೀಟರ್ ವೇಗವನ್ನೂ ಉಳಿಸಿಕೊಳ್ಳಲಿಲ್ಲ. ಮುಂದೆ ಕಡಲೆ ಚೀಲ ಹೇರಿದ ಲಾರಿ. ಅದನ್ನು ದಾಟಲೆಂದು ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಸದ್ದು ಮಾತ್ರ ಹೆಚ್ಚಾಯಿತು. ಎದುರಿನಿಂದ ಬಸ್ಸು ಬರುತ್ತಿತ್ತು. ನಾನು ಬ್ರೇಕ್ ಹಿಡಿದು ಮತ್ತೆ ಲಾರಿಯ ಹಿಂದಕ್ಕೆ ಬಂದೆ. ಪಕ್ಕದಲ್ಲಿ ಕುಳಿತಿದ್ದ ಅಪ್ಪ ಏನೂ ಅನ್ನಲಿಲ್ಲ, ಕಿಟಕಿಯ ಮೇಲಿನ ಹಿಡಿಕೆಯನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡರು.

ಅದು ಅಪ್ಪನದೇ ಕಾರು. 1998ರದು, ಕಾರ್ಬ್ಯುರೇಟರ್ ಇರುವ ಝೆನ್, 993 ಸಿಸಿ. ಆ ವರ್ಷದ ಮೇ ತಿಂಗಳಲ್ಲಿ ರೇಡಿಯೇಟರಿನ ಹೋಸ್ ಒಡೆದು ಎಂಜಿನ್ ಕಾದು, ಹೆಡ್ ಗ್ಯಾಸ್ಕೆಟ್ ಹೋಗಿತ್ತು. ಒಂದು ಗ್ಯಾರೇಜಿನವರು ಎಂಜಿನ್‌ನ ಮೇಲ್ಭಾಗವಾದ ಹೆಡ್ ಇಳಿಸಿ, ಅದರ ತಳವನ್ನು ತೆಳ್ಳಗೆ ಹೆರೆದು ಸಮ ಮಾಡುವ ಫೇಸಿಂಗ್ ಮಾಡಿಸಿ, ಹೊಸ ಟೈಮಿಂಗ್ ಬೆಲ್ಟ್ ಹಾಕಿ ಕೊಟ್ಟಿದ್ದರು. ಎಳೆತ ಸತ್ತುಹೋದದ್ದು ಅಂದಿನಿಂದಲೇ. ಮತ್ತೆ ಅವರ ಬಳಿಗೇ ಹೋದಾಗ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿ ನೋಡಿ, ‘ನಾಲ್ಕೂ ಸಿಲಿಂಡರಿನಲ್ಲಿ ಕಡಿಮೆ ಇದೆ, ರಿಂಗ್ ಹೋಗಿವೆ, ಬೋರ್ ಮಾಡಿಸಬೇಕು’ ಎಂದರು. ಪಿಸ್ಟನ್ನಿನ ಸುತ್ತಲಿನ ಬಳೆಗಳು ಸವೆದು ಒತ್ತಡ ಸೋರುತ್ತಿದೆ, ಸಿಲಿಂಡರುಗಳನ್ನು ಕೊರೆಸಬೇಕು ಎಂದರ್ಥ. ಹಳೆಯ ಕಾರು, ವಯಸ್ಸಾಗಿದೆ ಎಂಬ ಮಾತನ್ನೂ ಸೇರಿಸಿದರು. ಅಪ್ಪ ಅದನ್ನು ಒಪ್ಪಿಕೊಂಡಂತೆ ಸುಮ್ಮನಾದರು. ನನಗೆ ಮಾತ್ರ ಒಪ್ಪಿಗೆಯಾಗಲಿಲ್ಲ. ಏಪ್ರಿಲ್‌ನಲ್ಲಿ ಚೆನ್ನಾಗಿ ಓಡುತ್ತಿದ್ದ ಎಂಜಿನ್‌ಗೆ ಮೇ ತಿಂಗಳಲ್ಲಿ ಮುಪ್ಪು ಬರುವುದು ಹೇಗೆ?

ಹುಬ್ಬಳ್ಳಿಯ ಪಿ.ಬಿ. ರಸ್ತೆಯ ಒಳಗಡೆ ಒಬ್ಬ ಹಿರಿಯ ಮಿಸ್ತ್ರಿ ಇದ್ದಾರೆ. ಪದ್ಮಿನಿ, ಅಂಬಾಸಿಡರ್ ಕಾಲದಿಂದ ಎಂಜಿನ್ ಬಿಚ್ಚಿ ಕೂಡಿಸಿದ ಕೈ. ನಾನು ಧಾರವಾಡದಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಕಲಿಸುವುದು ಗೊತ್ತಾದ ದಿನದಿಂದ ನನ್ನನ್ನು ‘ಅಕ್ಕೋರೇ’ ಎಂದೇ ಕರೆಯುತ್ತಾರೆ. ಅವರು ಕಂಪ್ರೆಷನ್ ಅಂಕಿಗಳಿದ್ದ ಚೀಟಿಯನ್ನು ಓದಿ, ‘ಅಕ್ಕೋರೇ, ನಾಲ್ಕೂ ಒಂದೇ ಸಮ ಕಡಿಮೆ ಇವೆ. ರಿಂಗ್ ಸವೆದರೆ ಹೀಗೆ ಹೇಳಿ ಮಾಡಿಸಿದ ಹಾಗೆ ಸವೆಯುತ್ತವೆಯೇ?’ ಎಂದರು. ಆಮೇಲೆ ಬಾನೆಟ್ಟಿನೊಳಗೆ ಬಗ್ಗಿ, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಬುಡಕ್ಕೆ ಬ್ಯಾಟರಿ ಬೆಳಕು ಬಿಟ್ಟು ನನ್ನನ್ನು ಕರೆದರು. ಅದರ ಚಾಚುಪಟ್ಟಿ ವರ್ಷಾನುಗಟ್ಟಲೆ ಕುಳಿತ ಜಾಗದಲ್ಲಿ ಚಂದ್ರನ ಚೂರಿನಂಥ ಬಿಳಿ ಅಲ್ಯೂಮಿನಿಯಂ ಗುರುತು, ಸುತ್ತಲೂ ಎಣ್ಣೆ ಮಣ್ಣಿನ ಕಪ್ಪು. ಈಗ ಆ ಪಟ್ಟಿ ಗುರುತಿನ ಮೇಲೆ ಇರಲಿಲ್ಲ. ತಿರುಗಿಸಿ ತಿರುಗಿಸಿ ಸೀಳಿನ ಕೊನೆಯ ಅಂಚಿಗೆ ತಂದು ಬೋಲ್ಟ್ ಬಿಗಿಯಲಾಗಿತ್ತು.

‘ಕ್ಯಾಮ್ ಹಿಂದೆ ಉಳಿದಿದೆ. ಕಿಡಿಯೂ ಹಿಂದೆ ಉಳಿಯಿತು. ಕಿಡಿಯನ್ನು ಮಾತ್ರ ಎಳೆದು ಮುಂದೆ ತಂದಿದ್ದಾರೆ,’ ಎಂದರು ಮಿಸ್ತ್ರಿ. ಕ್ಯಾಮ್ ಎಂದರೆ ವಾಲ್ವುಗಳನ್ನು ತೆರೆದು ಮುಚ್ಚುವ ದಂಡ. ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ದಂಡ ಹಲ್ಲಿನ ಟೈಮಿಂಗ್ ಬೆಲ್ಟಿನ ಮೂಲಕ ಅದನ್ನು ತಿರುಗಿಸುತ್ತದೆ, ಡಿಸ್ಟ್ರಿಬ್ಯೂಟರ್ ತಿರುಗುವುದೂ ಕ್ಯಾಮಿನಿಂದಲೇ. ಬೆಲ್ಟಿನ ಮೇಲಿನ ಮುಚ್ಚಳ ತೆಗೆದು, ಕ್ರ್ಯಾಂಕನ್ನು ಸ್ಪ್ಯಾನರ್ ಹಿಡಿದು ತಿರುಗಿಸಿ ಕೆಳಗಿನ ಗುರುತು ಕೂಡಿಸಿದರೆ ಮೇಲಿನ ಗುರುತು ಒಂದು ಹಲ್ಲಿನಷ್ಟು ಹಿಂದಿತ್ತು.

ಒಂದು ಹಲ್ಲು ಎಂದರೆ ಎಷ್ಟು? ಕ್ಯಾಮ್ ಪುಲ್ಲಿಗೆ 40 ಹಲ್ಲುಗಳಿವೆ ಎಂದುಕೊಳ್ಳಿ. 360ನ್ನು 40ರಿಂದ ಭಾಗಿಸಿದರೆ ಹಲ್ಲಿಗೆ 9 ಡಿಗ್ರಿ. ಆದರೆ ನಾಲ್ಕು ಸ್ಟ್ರೋಕಿನ ಎಂಜಿನ್‌ನಲ್ಲಿ ಕ್ರ್ಯಾಂಕ್ ಎರಡು ಸುತ್ತು ಬಂದಾಗ ಕ್ಯಾಮ್ ಒಂದೇ ಸುತ್ತು ಬರುತ್ತದೆ. ಹಾಗಾಗಿ ಪಿಸ್ಟನ್ನಿನ ಲೆಕ್ಕದಲ್ಲಿ ಅದು 18 ಡಿಗ್ರಿ. ಬೆರಳ ತುದಿಯಷ್ಟು ಅಗಲದ ಒಂದು ರಬ್ಬರ್ ಹಲ್ಲು ಎಂಜಿನ್‌ನ ನಾಲ್ಕೂ ಸಿಲಿಂಡರುಗಳ ಉಸಿರಾಟವನ್ನು ಅಷ್ಟು ತಡಮಾಡಿತ್ತು.

ಉಸಿರಾಟ ಎಂಬ ಮಾತನ್ನು ಅಲಂಕಾರಕ್ಕೆ ಬಳಸುತ್ತಿಲ್ಲ. ಪಿಸ್ಟನ್ ಕೆಳಗಿಳಿಯುವಾಗ ಇನ್‌ಲೆಟ್ ವಾಲ್ವ್ ತೆರೆದು ಗಾಳಿ ಪೆಟ್ರೋಲಿನ ಮಿಶ್ರಣ ಒಳಗೆ ಬರುತ್ತದೆ, ಪಿಸ್ಟನ್ ತಳ ಮುಟ್ಟಿದಾಗ ವಾಲ್ವ್ ಮುಚ್ಚುತ್ತದೆ ಎಂದು ಪಠ್ಯಪುಸ್ತಕದಲ್ಲಿ ಓದಿದ್ದೇವೆ. ನಿಜವಾದ ಎಂಜಿನ್‌ನಲ್ಲಿ ಹಾಗೆ ಆಗುವುದಿಲ್ಲ. ಮಾದರಿಗೆ ಒಂದು ಕ್ಯಾಮ್ ತೆಗೆದುಕೊಳ್ಳೋಣ: ಪಿಸ್ಟನ್ ತುದಿ ಮುಟ್ಟುವ 12 ಡಿಗ್ರಿ ಮೊದಲೇ ಇನ್‌ಲೆಟ್ ತೆರೆಯುತ್ತದೆ, ತಳ ಮುಟ್ಟಿ 48 ಡಿಗ್ರಿ ಕಳೆದ ಮೇಲೆ ಮುಚ್ಚುತ್ತದೆ. ಅಂದರೆ ಪಿಸ್ಟನ್ ಮತ್ತೆ ಮೇಲೆ ಏರತೊಡಗಿದರೂ ಬಾಗಿಲು ತೆರೆದೇ ಇದೆ. ಯಾಕೆ?

ಇದು ನನಗೆ ಪುಸ್ತಕದಿಂದ ತಿಳಿದದ್ದಕ್ಕಿಂತ ಹೊಲದಲ್ಲಿ ಚೆನ್ನಾಗಿ ತಿಳಿದದ್ದು. ಮಲಪ್ರಭೆ ಕಾಲುವೆಯ ನೀರನ್ನು ಅಪ್ಪ ರಾತ್ರಿ ಹೊತ್ತು ಮಡಿಗಳಿಗೆ ಬಿಡುವಾಗ ಕಂದೀಲು ಹಿಡಿದು ನಿಂತಿರುತ್ತಿದ್ದೆ. ಮಡಿ ತುಂಬುವ ಮೊದಲೇ ಅವರು ಸಲಿಕೆಯಿಂದ ಮಣ್ಣು ಎಳೆದು ಮೇಲಿನ ಬಾಯಿ ಕಟ್ಟುತ್ತಿದ್ದರು. ‘ಹರಿಯತೊಡಗಿದ ನೀರು ನಿಲ್ಲು ಎಂದರೆ ನಿಲ್ಲುವುದಿಲ್ಲ, ಅದು ಬರುವುದು ಬಂದೇ ತೀರುತ್ತದೆ,’ ಎನ್ನುತ್ತಿದ್ದರು. ಗಾಳಿಗೂ ತೂಕವಿದೆ, ಓಟವಿದೆ. ಎಂಜಿನ್ ಜೋರಾಗಿ ತಿರುಗುವಾಗ ಮ್ಯಾನಿಫೋಲ್ಡಿನ ಕೊಳವೆಯಲ್ಲಿ ಓಡಿ ಬರುವ ಗಾಳಿ ಪಿಸ್ಟನ್ ತಿರುಗಿ ಮೇಲೆ ಬಂದರೂ ಸ್ವಲ್ಪ ಹೊತ್ತು ಒಳಗೆ ನುಗ್ಗುತ್ತಲೇ ಇರುತ್ತದೆ. ಬಾಗಿಲನ್ನು ತಡವಾಗಿ ಮುಚ್ಚಿದರೆ ಆ ಓಟದ ಲಾಭ ಸಿಗುತ್ತದೆ. ನಿಮಿಷಕ್ಕೆ 6,000 ಸುತ್ತಿನಲ್ಲಿ ಈ ಮಾದರಿಯ ವಾಲ್ವ್ ತೆರೆದಿರುವ ಒಟ್ಟು ಅವಧಿ 240 ಡಿಗ್ರಿ, ಅಂದರೆ ಒಂದು ಸೆಕೆಂಡಿನ 150ನೇ ಒಂದು ಭಾಗ. ಅಷ್ಟರಲ್ಲಿ ಸಿಲಿಂಡರ್ ತುಂಬಬೇಕು.

ಅದೇ ಎಂಜಿನ್ 1,500 ಸುತ್ತಿನಲ್ಲಿ ತೆವಳುವಾಗ ಗಾಳಿಗೆ ಆ ಓಟ ಇರುವುದಿಲ್ಲ. ಬಾಗಿಲು ತೆರೆದಿದ್ದರೆ ಮೇಲೇರುವ ಪಿಸ್ಟನ್ ಒಳಗೆ ಬಂದದ್ದನ್ನೇ ಹಿಂದಕ್ಕೆ ನೂಕುತ್ತದೆ. ನಮ್ಮ ಕಾರಿನಲ್ಲಿ ಆಗುತ್ತಿದ್ದದ್ದು ಇದೇ. ಒಂದು ಹಲ್ಲು ತಡವಾದದ್ದರಿಂದ, ಮೇಲಿನ ಮಾದರಿಯ ಅಂಕಿಯಲ್ಲಿ ಹೇಳುವುದಾದರೆ 48 ಡಿಗ್ರಿಗೆ ಮುಚ್ಚಬೇಕಾದದ್ದು 66ಕ್ಕೆ ಮುಚ್ಚುತ್ತಿತ್ತು. ಸ್ಟಾರ್ಟರ್ ತಿರುಗಿಸುವ ನಿಧಾನ ವೇಗದಲ್ಲಿ ಕಂಪ್ರೆಷನ್ ಗೇಜ್ ನಾಲ್ಕೂ ಸಿಲಿಂಡರಿನಲ್ಲಿ ಒಂದೇ ಸಮ ಕಡಿಮೆ ತೋರಿಸಿದ್ದಕ್ಕೂ ಇದೇ ಕಾರಣ. ರಿಂಗುಗಳ ತಪ್ಪು ಏನೂ ಇರಲಿಲ್ಲ. ಬೋರ್ ಮಾಡಿಸಿದ್ದರೆ ಹಣ ಹೋಗುತ್ತಿತ್ತು, ಎಳೆತ ಬರುತ್ತಿರಲಿಲ್ಲ.

ಹಲ್ಲು ಸರಿಪಡಿಸಿದ ದಿನ ಕಾರು ಕುಸುಗಲ್ ರಸ್ತೆಯಲ್ಲಿ ಎದ್ದು ಓಡಿತು. ಅಲ್ಲಿಗೆ ಮುಗಿಯಿತು ಎಂದು ಯಾರಾದರೂ ಅಂದುಕೊಳ್ಳುತ್ತಿದ್ದರು. ಆದರೆ ಹತ್ತು ವರ್ಷ ಒಂದೇ ಕಾರು ಓಡಿಸಿದ ಕಾಲಿಗೆ ಪಾದದಡಿಯ ವ್ಯತ್ಯಾಸ ತಿಳಿಯುತ್ತದೆ. ಕೆಳಗಿನ ವೇಗದಲ್ಲಿ ಇನ್ನೂ ಏನೋ ಸೋಮಾರಿತನ ಉಳಿದಿತ್ತು. ಮಿಸ್ತ್ರಿಯವರಿಗೆ ಹೇಳಿದೆ. ಅವರು ನಗಲಿಲ್ಲ. ‘ಈ ಹೆಡ್ಡನ್ನು ಎಷ್ಟು ಸಲ ಫೇಸಿಂಗ್ ಮಾಡಿಸಿದ್ದಾರೆ?’ ಎಂದು ಕೇಳಿದರು.

ಎರಡು ಸಲ. ಒಮ್ಮೆ ಹಿಂದಿನ ಮಾಲೀಕರು, ಒಮ್ಮೆ ನಾವು. ಹೆಡ್ಡಿನ ಎತ್ತರವನ್ನು ವರ್ನಿಯರ್‌ನಲ್ಲಿ ಅಳೆದು, ಅವರಲ್ಲಿದ್ದ ಯಾರೂ ಮುಟ್ಟದ ಇನ್ನೊಂದು ಝೆನ್ ಹೆಡ್ಡಿಗೆ ಹೋಲಿಸಿದರೆ ನಮ್ಮದು 0.8 ಮಿಲಿಮೀಟರ್ ಗಿಡ್ಡವಾಗಿತ್ತು. ಈ ವಿಷಯ ಬಹಳ ಗ್ಯಾರೇಜುಗಳಲ್ಲಿ ಯಾರ ಲಕ್ಷ್ಯಕ್ಕೂ ಬರುವುದಿಲ್ಲವಾದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕ್ಯಾಮ್ ಶಾಫ್ಟ್ ಕುಳಿತಿರುವುದು ಹೆಡ್ಡಿನ ಮೇಲೆ. ಹೆಡ್ ಗಿಡ್ಡವಾದರೆ ಕ್ಯಾಮ್ ಕ್ರ್ಯಾಂಕಿನ ಹತ್ತಿರಕ್ಕೆ ಇಳಿಯುತ್ತದೆ. ಬೆಲ್ಟಿನ ಬಿಗಿ ಮಗ್ಗುಲಿನ ಉದ್ದ ಮಾತ್ರ ಅಷ್ಟೇ ಇರುತ್ತದೆ. ಉಳಿದ ಆ 0.8 ಮಿಲಿಮೀಟರನ್ನು ಬೆಲ್ಟನ್ನು ಬಿಗಿ ಹಿಡಿಯುವ ಟೆನ್ಷನರ್ ಇನ್ನೊಂದು ಮಗ್ಗುಲಿಗೆ ಎಳೆದುಕೊಳ್ಳುತ್ತದೆ, ಅಷ್ಟರ ಮಟ್ಟಿಗೆ ಕ್ಯಾಮ್ ಹಿಂದೆ ಉಳಿಯುತ್ತದೆ. ಪುಲ್ಲಿಯ ವ್ಯಾಸ ಸುಮಾರು 10 ಸೆಂಟಿಮೀಟರ್ ಎಂದು ಹಿಡಿದರೆ ಕ್ಯಾಮಿನಲ್ಲಿ ಸುಮಾರು 0.9 ಡಿಗ್ರಿ, ಕ್ರ್ಯಾಂಕಿನಲ್ಲಿ 1.8. ಗುರುತುಗಳೆಲ್ಲ ಕೂಡಿರುತ್ತವೆ, ಕಣ್ಣಿಗೆ ಯಾವ ತಪ್ಪೂ ಕಾಣುವುದಿಲ್ಲ, ಆದರೂ ಎಂಜಿನ್ ಸುಮಾರು 2 ಡಿಗ್ರಿ ತಡ. ಪದ್ಮಿನಿಯಂಥ ಹಳೆಯ ಎಂಜಿನ್‌ಗಳಲ್ಲಿ ಕ್ಯಾಮ್ ಬ್ಲಾಕಿನೊಳಗೇ ಇದ್ದು ಪುಷ್ ರಾಡ್ ಮೂಲಕ ವಾಲ್ವ್ ತೆರೆಯುತ್ತಿದ್ದರಿಂದ ಫೇಸಿಂಗ್‌ನಿಂದ ಈ ತೊಂದರೆ ಬರುತ್ತಿರಲಿಲ್ಲ. ಅಲ್ಲಿ ಚೈನ್ ಸವೆದು ಉದ್ದವಾಗಿ ಕ್ಯಾಮ್ ಹಿಂದೆ ಬೀಳುತ್ತಿತ್ತು ಎಂದು ಮಿಸ್ತ್ರಿ ನೆನಪಿಸಿಕೊಂಡರು.

ಎರಡು ಡಿಗ್ರಿಯನ್ನು ಹಲ್ಲು ಜಿಗಿಸಿ ಸರಿಮಾಡಲು ಬರುವುದಿಲ್ಲ, ಹಲ್ಲೇ 18 ಡಿಗ್ರಿ. ಅದಕ್ಕೆ ಹೊಂದಿಸಬಲ್ಲ ಪುಲ್ಲಿ ಬೇಕು. ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿ ಮಿಸ್ತ್ರಿಯವರಿಗೆ ಪರಿಚಯದ ಒಬ್ಬ ಲೇಥ್‌ನವರು ಎರಡು ಹಳೆಯ ಪುಲ್ಲಿಗಳಿಂದ ಒಂದನ್ನು ಮಾಡಿಕೊಟ್ಟರು. ಒಂದರ ನಡುಭಾಗ, ಇನ್ನೊಂದರ ಹಲ್ಲಿನ ಬಳೆ. ಎರಡನ್ನೂ ಕೂಡಿಸಲು ನಾಲ್ಕು ಬೋಲ್ಟ್, ಬೋಲ್ಟ್ ಸರಿದಾಡಲು ಬಿಲ್ಲಿನಾಕಾರದ ನಾಲ್ಕು ಸೀಳು. ಕೆಲಸ ಮುಗಿಸಿ ಕೈಗೆ ಕೊಟ್ಟಾಗ ಅದು ಇನ್ನೂ ಬೆಚ್ಚಗಿತ್ತು.

ಪುಲ್ಲಿ ಬಂದಿತು. ಆದರೆ ಎಲ್ಲಿಂದ ಎಣಿಸಬೇಕು? ಸೊನ್ನೆ ಗೊತ್ತಿಲ್ಲದೆ ನಾಲ್ಕು, ಆರು ಎಂದು ಹೇಳುವುದರಲ್ಲಿ ಅರ್ಥವಿಲ್ಲ. ಪಿಸ್ಟನ್ ನಿಜವಾಗಿ ತುದಿ ಮುಟ್ಟುವ ಬಿಂದುವನ್ನು ಮೊದಲು ಹುಡುಕಬೇಕು. ಪ್ಲಗ್ಗಿನ ತೂತಿನಲ್ಲಿ ಕಡ್ಡಿ ಇಟ್ಟು ಅದು ಏರುವುದು ನಿಂತ ಜಾಗವನ್ನು ತುದಿ ಎಂದು ಹಿಡಿಯುವುದು ರೂಢಿ. ಬೆಲ್ಟ್ ಹಾಕುವುದಕ್ಕೆ ಅದು ಸಾಕು, ಡಿಗ್ರಿ ಅಳೆಯುವುದಕ್ಕೆ ಸಾಲದು. ಝೆನ್ ಎಂಜಿನ್‌ನ ಸ್ಟ್ರೋಕ್ 61 ಮಿಲಿಮೀಟರ್. ತುದಿಯಿಂದ ಕ್ರ್ಯಾಂಕನ್ನು 5 ಡಿಗ್ರಿ ತಿರುಗಿಸಿದರೂ ಪಿಸ್ಟನ್ ಒಂದು ಮಿಲಿಮೀಟರಿನ ಐದನೇ ಒಂದು ಭಾಗದಷ್ಟೂ ಇಳಿಯುವುದಿಲ್ಲ. ತೊಟ್ಟಿಲು ಒಂದು ಕಡೆಯ ತುದಿಗೆ ಹೋದಾಗ ಗಳಿಗೆ ಹೊತ್ತು ನಿಂತಂತೆ ಕಾಣುತ್ತದಲ್ಲ, ಹಾಗೆ.

ಮಿಸ್ತ್ರಿಯವರ ಉಪಾಯ ನನ್ನ ಪ್ರಯೋಗಾಲಯದಲ್ಲಿ ಇಟ್ಟುಕೊಳ್ಳುವಷ್ಟು ಸುಂದರವಾಗಿತ್ತು. ಹಳೆಯ ಸ್ಪಾರ್ಕ್ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಅದರ ನಡುವೆ ಮೊಂಡು ತುದಿಯ ಒಂದು ಬೋಲ್ಟ್ ಕೂಡಿಸಿದ್ದರು. ಅದನ್ನು ಒಂದನೆಯ ಸಿಲಿಂಡರಿಗೆ ತಿರುಗಿಸಿ ಹಾಕಿದರೆ ಪಿಸ್ಟನ್ ತುದಿಗೆ ಬರುವ ಮೊದಲೇ ಆ ಬೋಲ್ಟಿಗೆ ತಾಗಿ ನಿಲ್ಲುತ್ತದೆ. ನಾನು 360 ಡಿಗ್ರಿಯ ವೃತ್ತವೊಂದನ್ನು ಮುದ್ರಿಸಿ ಅಲ್ಯೂಮಿನಿಯಂ ತಗಡಿಗೆ ಅಂಟಿಸಿ ಕ್ರ್ಯಾಂಕ್ ಪುಲ್ಲಿಗೆ ಹಾಕಿದೆ, ತಂತಿಯ ಮುಳ್ಳೊಂದನ್ನು ಬ್ಲಾಕಿಗೆ ಬಿಗಿದೆ. ಕ್ರ್ಯಾಂಕನ್ನು ಒಂದು ಕಡೆ ಮೆಲ್ಲಗೆ ತಿರುಗಿಸಿದೆವು. ತಾಗಿದ ಸಣ್ಣ ‘ಟಕ್’ ಕೈಗೆ ತಿಳಿಯಿತು, ಮುಳ್ಳು 32 ತೋರಿಸಿತು. ಎದುರು ದಿಕ್ಕಿಗೆ ತಿರುಗಿಸಿದೆವು, ಮತ್ತೆ ‘ಟಕ್’, 28. ಎರಡೂ ಕಡೆ ಸಮ ಬರಬೇಕು. ತಗಡನ್ನು 2 ಡಿಗ್ರಿ ಸರಿಸಿ ಮತ್ತೆ ನೋಡಿದರೆ ಈ ಕಡೆ 30, ಆ ಕಡೆ 30. ಈಗ ತಗಡಿನ ಸೊನ್ನೆಯೇ ನಿಜವಾದ ತುದಿ. ಮಿಸ್ತ್ರಿ ಶಾಲೆ ಕಲಿತದ್ದು ಏಳನೆಯ ತರಗತಿಯವರೆಗೆ. ಕಾಣದ ತುದಿಯನ್ನು ಹುಡುಕಲು ಅದರ ಎರಡೂ ಬದಿಯ ಸಮದೂರದ ಬಿಂದುಗಳನ್ನು ಹಿಡಿಯಬೇಕೆಂಬ ಯುಕ್ತಿಯನ್ನು ಅವರು ಎಣ್ಣೆಗೈಯಲ್ಲಿ ಮಾಡಿ ತೋರಿಸುವಾಗ ನಾನು ವಿದ್ಯಾರ್ಥಿನಿಯಾಗಿ ನಿಂತಿದ್ದೆ.

ಕ್ಯಾಮಿನ ಮೂಗಿನ, ಅಂದರೆ ವಾಲ್ವನ್ನು ತೆರೆಯುವ ಉಬ್ಬಿನ, ಮಧ್ಯವನ್ನು ಅಳೆಯುವುದೂ ಇದೇ ದಾರಿಯಲ್ಲಿ. ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಟಾಪೆಟ್ ಸಂದನ್ನು ಮೊದಲು ಸರಿಪಡಿಸಿಕೊಳ್ಳಬೇಕು, ಸಂದು ಬದಲಾದರೆ ವಾಲ್ವ್ ತೆರೆಯುವ ಕ್ಷಣವೂ ಬದಲಾಗುತ್ತದೆ. ಆಮೇಲೆ ಡಯಲ್ ಗೇಜಿನಲ್ಲಿ ಇನ್‌ಲೆಟ್ ವಾಲ್ವ್ ಪೂರ್ತಿ ತೆರೆದ ಜಾಗದಿಂದ 1 ಮಿಲಿಮೀಟರ್ ಕೆಳಗೆ, ಏರುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಡಿಗ್ರಿ ಓದಿ ನಡುವಿನದನ್ನು ತೆಗೆದುಕೊಳ್ಳುವುದು. ಮೂರು ಸಲ ಓದಿದೆವು, ಮೂರು ಸಲವೂ ಅರ್ಧ ಡಿಗ್ರಿಯೊಳಗೇ ಬಂತು.

ಇನ್ನು ಹೊಂದಿಸುವ ಮಾತು. ಕ್ಯಾಮನ್ನು 4 ಡಿಗ್ರಿ ಮುಂದೆ ತಂದರೆ ಮೇಲಿನ ಮಾದರಿಯಲ್ಲಿ ಇನ್‌ಲೆಟ್ 12ರ ಬದಲು 16 ಡಿಗ್ರಿ ಮೊದಲೇ ತೆರೆದು, 48ರ ಬದಲು 44ಕ್ಕೆ ಮುಚ್ಚುತ್ತದೆ. ಬೇಗ ಮುಚ್ಚಿದ್ದರಿಂದ ಕೆಳಗಿನ ಸುತ್ತುಗಳಲ್ಲಿ ಮಿಶ್ರಣ ಹಿಂದಕ್ಕೆ ಹೋಗದೆ ಎಳೆತ ಹೆಚ್ಚುತ್ತದೆ, ಮೇಲಿನ ಸುತ್ತುಗಳಲ್ಲಿ ಎಂಜಿನ್ ಬೇಗ ಏದುಸಿರು ಬಿಡುತ್ತದೆ. ಹಿಂದೆ ತಳ್ಳಿದರೆ ಇದರ ತಿರುವುಮುರುವು. ಝೆನ್‌ನಲ್ಲಿ ಇನ್‌ಲೆಟ್‌ಗೂ ಎಕ್ಸಾಸ್ಟ್‌ಗೂ ಒಂದೇ ಕ್ಯಾಮ್, ಒಂದನ್ನು ಸರಿಸಿದರೆ ಇನ್ನೊಂದೂ ಸರಿಯುತ್ತದೆ. ಎರಡು ಕ್ಯಾಮ್ ಇರುವ ಎಂಜಿನ್‌ಗಳಲ್ಲಿ ಬೇರೆ ಬೇರೆ ಆಡಿಸಬಹುದು. ಹೇಗೇ ಆಡಿಸಿದರೂ ಅದೇ ಕ್ಯಾಮಿನಿಂದ ಕೆಳಗೂ ಮೇಲೂ ಒಟ್ಟಿಗೆ ಗಳಿಸಲಾಗುವುದಿಲ್ಲ. ಪಂದ್ಯದಲ್ಲಿ ಓಡುವವರು ಮೇಲಿನ ಸುತ್ತುಗಳನ್ನು ಬೇಡುತ್ತಾರೆ, ಅವರಿಗೆ ಅದೇ ಸರಿ. ನಾನು ಓಡಿಸುವ ರಸ್ತೆಯಲ್ಲಿ ಎಮ್ಮೆಗಳು ಅಡ್ಡ ಬರುತ್ತವೆ, ಟ್ರ್ಯಾಕ್ಟರ್ ಇದ್ದಕ್ಕಿದ್ದಂತೆ ಹೊಲದಿಂದ ಏರುತ್ತದೆ, ಪ್ರತಿ ಊರಿಗೂ ರಸ್ತೆ ಉಬ್ಬು. 5,500 ಸುತ್ತಿನ ಶಕ್ತಿ ನನಗೆ ಎಂದೂ ಬೇಕಾಗಿಲ್ಲ. 2,000ದಿಂದ 3,500ರ ನಡುವೆ ಕಾರು ಕರೆದಾಗ ಓಗೊಡಬೇಕು.

ಕಿಡಿಯನ್ನು ಮರೆಯುವಂತಿಲ್ಲ. ಈ ಎಂಜಿನ್‌ನಲ್ಲಿ ಡಿಸ್ಟ್ರಿಬ್ಯೂಟರ್ ತಿರುಗುವುದು ಕ್ಯಾಮಿನ ತುದಿಯಿಂದಲೇ. ಕ್ಯಾಮ್ 4 ಡಿಗ್ರಿ ಮುಂದೆ ಬಂದರೆ ಕಿಡಿಯೂ 4 ಡಿಗ್ರಿ ಮುಂದೆ ಬರುತ್ತದೆ. ಬೇಗ ಮುಚ್ಚಿದ ವಾಲ್ವ್ ಒತ್ತಡ ಹೆಚ್ಚಿಸಿರುತ್ತದೆ, ಫೇಸಿಂಗ್ ಮಾಡಿದ ಹೆಡ್ ಅದನ್ನು ಮೊದಲೇ ಹೆಚ್ಚಿಸಿರುತ್ತದೆ, ಅದರ ಮೇಲೆ ಬೇಗ ಬಂದ ಕಿಡಿ. ಮೂರೂ ಸೇರಿದರೆ ಬೇಸಿಗೆಯ ಮಧ್ಯಾಹ್ನ ಏರಿನಲ್ಲಿ ಎಂಜಿನ್ ಡಬ್ಬಿಯಲ್ಲಿ ಹರಳು ಕುಲುಕಿದಂತೆ ನಾಕಿಂಗ್ ಮಾಡುತ್ತದೆ, ಹಾಗೇ ಓಡಿಸಿದರೆ ಪಿಸ್ಟನ್ ಹಾಳಾಗುತ್ತದೆ. ಹಾಗಾಗಿ ಪುಲ್ಲಿ ಸರಿಸಿದ ಪ್ರತಿ ಸಲವೂ ಕಿಡಿಯ ವೇಳೆ ತೋರಿಸುವ ಟೈಮಿಂಗ್ ಲೈಟ್ ಹಿಡಿದು ಡಿಸ್ಟ್ರಿಬ್ಯೂಟರನ್ನು ಅಷ್ಟೇ ಹಿಂದೆ ತಂದೆವು. ಪ್ರತಿ ಸಲವೂ ಪ್ಲಗ್ ಬಿಚ್ಚಿಟ್ಟು ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ, ಎಲ್ಲಿಯೂ ತಡೆ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಕೀಲಿಕೈಗೆ ಕೈ ಹಾಕಿದೆವು. ಪಿಸ್ಟನ್ನೂ ವಾಲ್ವೂ ಒಂದೇ ಜಾಗಕ್ಕೆ ಬಂದು ಗುದ್ದಿಕೊಳ್ಳುವ ಎಂಜಿನ್‌ಗಳಿವೆ. ಅವುಗಳಲ್ಲಿ ಈ ಎರಡು ಸುತ್ತನ್ನು ಬಿಟ್ಟವರು ಬಾಗಿದ ವಾಲ್ವುಗಳ ಬೆಲೆ ತೆರುತ್ತಾರೆ.

ಪರೀಕ್ಷೆಗೆ ಭಾನುವಾರದ ನಸುಕು ಆರಿಸಿಕೊಂಡೆ. ಕುಸುಗಲ್ ದಾಟಿದ ಮೇಲಿನ ಒಂದು ನೇರ ದಾರಿ, ನಾಲ್ಕನೆಯ ಗೇರು, 40ರಿಂದ 70 ಕಿಲೋಮೀಟರ್ ವೇಗಕ್ಕೆ ಏರಲು ಹಿಡಿಯುವ ಹೊತ್ತು. ಪಕ್ಕದಲ್ಲಿ ಸ್ಟಾಪ್‌ವಾಚ್ ಹಿಡಿದ ಅಕ್ಕನ ಮಗ. ಗಾಳಿಯ, ಇಳಿಜಾರಿನ ಮೋಸ ಇರಬಾರದೆಂದು ಹೋಗುವಾಗ ಒಂದು, ಬರುವಾಗ ಒಂದು ತೆಗೆದು ಸರಾಸರಿ ಹಿಡಿದೆವು. ಹಲ್ಲು ಸರಿಯಾದ ಮೇಲೆ, ಪುಲ್ಲಿ ಮುಟ್ಟುವ ಮೊದಲು 13.6 ಸೆಕೆಂಡ್. 4 ಡಿಗ್ರಿ ಮುಂದೆ ತಂದಾಗ 12.7. 8ಕ್ಕೆ 12.6, ಆದರೆ 80 ದಾಟಿದ ಮೇಲೆ ಕಾರಿಗೆ ಉಸಿರೇ ಇಲ್ಲ, ಮೇಲಾಗಿ ನಾಕಿಂಗ್ ಸದ್ದು. 4ಕ್ಕೇ ನಿಲ್ಲಿಸಿದೆವು. ಅದರಲ್ಲಿ ಎರಡು ಡಿಗ್ರಿ ಫೇಸಿಂಗ್‌ನಲ್ಲಿ ಕಳೆದುಕೊಂಡದ್ದು ಮರಳಿ ಬಂದದ್ದು, ಇನ್ನೆರಡು ಮಾತ್ರ ನಾವು ಹೊಸದಾಗಿ ಕೇಳಿ ಪಡೆದದ್ದು. ಹಳೆಯ ಎಂಜಿನ್‌ಗೆ ಹೊಸ ಶಕ್ತಿ ಹುಡುಕುವವರು ಮೊದಲು ಅದು ಎಷ್ಟು ಕಳೆದುಕೊಂಡಿದೆ ಎಂದು ಅಳೆಯಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಇಂದಿನ ಕಾರುಗಳಿಗೆ ಈ ಕೆಲಸ ಬೇಕಿಲ್ಲ, ಮಾಡಲೂಬಾರದು. 1980ರಲ್ಲಿ ಆಲ್ಫಾ ರೋಮಿಯೋ ತನ್ನ ಸ್ಪೈಡರ್ ಕಾರಿನಲ್ಲಿ ಓಡುತ್ತಿರುವಾಗಲೇ ಕ್ಯಾಮಿನ ವೇಳೆ ಬದಲಿಸುವ ವ್ಯವಸ್ಥೆ ತಂದಿತು, 1989ರಲ್ಲಿ ಹೋಂಡಾ, ವೇಗಕ್ಕೆ ತಕ್ಕಂತೆ ವಾಲ್ವಿನ ತೆರೆತವನ್ನು ಬದಲಿಸುವ ವಿಟೆಕ್ ತಂದಿತು. ಈಗ ಸಾಮಾನ್ಯ ಕಾರುಗಳಲ್ಲಿಯೂ ಎಂಜಿನ್ ಆಯಿಲಿನ ಒತ್ತಡದಿಂದ ಕ್ಯಾಮ್ ಹಿಂದೆ ಮುಂದೆ ಸರಿಯುತ್ತದೆ, ಕೆಳಗಿನ ಸುತ್ತಿಗೆ ಒಂದು ಹದ, ಮೇಲಿನ ಸುತ್ತಿಗೆ ಇನ್ನೊಂದು. ಅಂಥ ಕಾರುಗಳಲ್ಲಿ ಆಯಿಲ್ ಬದಲಾವಣೆಯನ್ನು ಮುಂದೂಡುವವರು ಟೈಮಿಂಗನ್ನೇ ಕೆಡಿಸಿಕೊಳ್ಳುತ್ತಾರೆ.

ಹೊಂದಿಸಿದ ಮೇಲಿನ ಮೊದಲ ವಾರ ಅಪ್ಪನನ್ನು ನರಗುಂದದಿಂದ ಕರೆತಂದೆ. ಗಾಳಿ ಇತ್ತು. ನವಲಗುಂದ ದಾಟಿದ ಮೇಲೆ ಒಂದು ಟ್ರ್ಯಾಕ್ಟರ್ ಹಿಂದೆ ಹಾಕಿದೆ. ಅಪ್ಪ ರಸ್ತೆ ನೋಡಲಿಲ್ಲ, ಗೇರಿನ ಕೋಲನ್ನು ನೋಡುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ, ‘ಗೇರು ಇಳಿಸಲೇ ಇಲ್ಲವಲ್ಲ ನೀನು?’ ಎಂದರು. ಇಲ್ಲ ಎಂದೆ. ಬಿತ್ತನೆಯ ಮುಂಚೆ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟು ನೋಡಿ ತಲೆಯಾಡಿಸುವ ರೀತಿಯಲ್ಲಿ ಒಮ್ಮೆ ತಲೆಯಾಡಿಸಿದರು.

ಬೆಲ್ಟಿನ ಮುಚ್ಚಳದ ಒಳಗಡೆ ಒಂದು ಚೀಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಂಟಿಸಿದ್ದೇನೆ. ಮುಂದೆ ಈ ಎಂಜಿನ್ ಬಿಚ್ಚುವವರು ನಾನೂ ಮಿಸ್ತ್ರಿಯವರೂ ಇಲ್ಲದ ಜಾಗದಲ್ಲಿ ಬಿಚ್ಚಬಹುದು. ‘ಈ ಪುಲ್ಲಿಯನ್ನು ಕ್ರ್ಯಾಂಕಿನ ಲೆಕ್ಕದಲ್ಲಿ 4 ಡಿಗ್ರಿ ಮುಂದೆ ಹೊಂದಿಸಲಾಗಿದೆ. ಹಳೆಯ ಗುರುತನ್ನು ನಂಬಬೇಡಿ, ಹಳದಿ ಬಣ್ಣದ ಗುರುತು ಹಿಡಿಯಿರಿ. ನಾಲ್ಕು ಬೋಲ್ಟ್ ಸಡಿಲಿಸಬೇಡಿ. ಕೈಯಿಂದ ಎರಡು ಸುತ್ತು ತಿರುಗಿಸಿ ನೋಡಿ.’ ಮಿಸ್ತ್ರಿ ಅದನ್ನು ಓದಿಸಿ ಕೇಳಿ, ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಕೆಳಗೆ ತಮ್ಮ ಕೈಯಿಂದ ಒಂದು ಸಾಲು ಸೇರಿಸಿದರು: ‘ಹೆಡ್ 0.8 ಕಡಿಮೆ ಇದೆ, ಇನ್ನೊಮ್ಮೆ ಫೇಸಿಂಗ್ ಮಾಡಬೇಡಿ.’